ಕಂಬಳಿಯ ಕೆಳಗಿನ ತುಕ್ಕು

ಪಾಪಣ್ಣ ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ಬಾಗಿಲ ಕೆಳಗಿನ ತಗಡಿಗೆ ಇಟ್ಟು ಸುಮ್ಮನೆ ಒತ್ತಿದ. ಬಿಸಿ ಮುದ್ದೆಗೆ ಬೆರಳು ಇಳಿದ ಹಾಗೆ ಅದು ಹಿಡಿಯವರೆಗೂ ಇಳಿದುಹೋಯಿತು. ಹೊರಗೆಳೆದಾಗ ತೂತಿನಿಂದ ಕೆಂಪು ಹುಡಿ ಸುರಿಯಿತು, ಅದರ ಹಿಂದೆಯೇ ನಾಲ್ಕು ಹನಿ ನೀರು.

"ಏನಪ್ಪ ಕಾಟಲಿಂಗಪ್ಪ, ಕಾರು ತಂದಿದ್ದೀಯೋ, ಕೆರೆ ತಂದಿದ್ದೀಯೋ? ಒಳಗೆ ನೀರು ಹುಯ್ದೋರ್ಯಾರು?"

"ಮಳೆ ನೀರು" ಎಂದ ಕಾಟಲಿಂಗಪ್ಪ.

"ಹಿರಿಯೂರು ಸೀಮೇಲಿ ಮಳೆ! ಅದೂ ಕಾರಿನ ಒಳಗೆ!" ಪಾಪಣ್ಣ ಶೆಡ್ಡೆಲ್ಲ ಮೊಳಗುವಂತೆ ನಕ್ಕ.

ಕಾಟಲಿಂಗಪ್ಪನಿಗೆ ನಗು ಬರಲಿಲ್ಲ. ಆ ಹಳೇ ಅಂಬಾಸಿಡರನ್ನು ಓಡಿಸುವವನು ಅವನಾದರೂ ಅದು ಅವನದಲ್ಲ, ದೇವರದು. ಜವನಗೊಂಡನಹಳ್ಳಿ ಕಡೆಯ ಅವರ ಗೊಲ್ಲರ ಹಟ್ಟಿಯವರು ಎಪ್ಪತ್ತನೇ ಇಸವಿಯಲ್ಲಿ ಮನೆಗೆರಡು ಕುರಿ ಮಾರಿ, ದುರ್ಗದ ಒಬ್ಬ ವಕೀಲರಿಂದ ಕೊಂಡದ್ದು. ಹಟ್ಟಿಯ ದೇವರ ಪೆಟ್ಟಿಗೆ ಆ ದೇವರಿಗೆ ನಡೆದುಕೊಳ್ಳುವ ಒಕ್ಕಲಿನ ಊರುಗಳಿಗೆ ಹೋಗಿಬರುತ್ತಿದ್ದುದು ಅದರಲ್ಲೇ. ದೇವರು ಕೂರುವ ಜಾಗ ಎಂದ ಮೇಲೆ ಅದು ಗುಡಿಯೇ ತಾನೆ? ಸೋಮವಾರ ಬಂತೆಂದರೆ ನಾಲ್ಕೂ ಬಾಗಿಲು ತೆರೆದು, ಗುಡಿಯ ನೆಲ ತೊಳೆಯುವ ಹಾಗೆ ಒಳಗೆ ಐದು ಕೊಡ ನೀರು ಹೊಯ್ಯುತ್ತಿದ್ದರು. ಹರಿದಷ್ಟು ಹರಿದು, ಮಿಕ್ಕಿದ್ದು ರಬ್ಬರ್ ಮ್ಯಾಟಿನ ಕೆಳಗೆ ನಿಲ್ಲುತ್ತಿತ್ತು. ಅದರ ಮೇಲೆ ಕರಿ ಕಂಬಳಿ ಹಾಸಿ ಪೆಟ್ಟಿಗೆ ಏರಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿರಲಿಲ್ಲ.

ಪಾಪಣ್ಣ ನಗು ನಿಲ್ಲಿಸಿ ಕೈ ಒರೆಸಿಕೊಂಡ. "ನೋಡು, ಲಾರಿಗಾದ್ರೆ ಕೆಳಗೆ ಬೇರೆ ಚಾಸಿ ಇರ್ತತೆ. ಇದಕ್ಕೆ ಬಾಡೀನೇ ಬೆನ್ನೆಲುಬು. ಅದೇ ಕೊಳೆತು ಲಡ್ಡಾಗೈತೆ. ಬೆಂಗಳೂರಾಗೆ ಒಬ್ಬ ಸಾಹುಕಾರರ ಗೋದಾಮಿನಾಗೆ ಇದೇ ಗಾಡಿದು ಹೊಸ ಬಾಡಿ ಐತೆ, ಬರೀ ಬಾಡಿ. ಲಾರೀಲಿ ತರಿಸು. ಎಂಜಿನ್ನು, ಚಕ್ರ ಎಲ್ಲ ಬಿಚ್ಚಿ ಅದಕ್ಕೆ ಕೂರಿಸಿಕೊಡ್ತೀನಿ. ಇದನ್ನ ಗುಜರಿಗೆ ಹಾಕು."

ಗುಜರಿ ಎಂಬ ಮಾತು ಕೇಳಿ ಕಾಟಲಿಂಗಪ್ಪ ಕಾರಿನ ಹಿಂದಿನ ಸೀಟಿನ ಕಡೆ ನೋಡಿದ. ದೇವರು ಕೂತೆದ್ದ ಒಡಲನ್ನು ಗುಜರಿಗೆ ಹಾಕಬೇಕೆಂದು ಪೂಜಾರಿ ಗೊಲ್ಲಪ್ಪನ ಮುಂದೆ ಹೇಳುವವರು ಯಾರು? ನೀವು ಹೊಯ್ದ ನೀರೇ ಇದನ್ನು ತಿಂದಿತು ಎನ್ನುವವರು ಯಾರು?

"ತ್ಯಾಪೆ ಹಾಕ್ಬಿಡು ಪಾಪಣ್ಣ."

"ಹಾಕ್ತೀನಿ. ಆದ್ರೆ ಕೊಳೆತ ತಗಡಿಗೆ ವೆಲ್ಡಿಂಗ್ ಹಿಡಿಯಲ್ಲ. ಜನ ಕುಂತಾಗ ಬಾಗ್ಲು ಬಿಗಿಯಾಯ್ತು ಅಂದ್ರೆ ನಡು ಕುಸೀತೈತೆ ಅಂತ ತಿಳ್ಕ. ಆಮೇಲೆ ಒಬ್ಬರನ್ನೂ ಹತ್ತಿಸಬ್ಯಾಡ."

ಹಟ್ಟಿಗೆ ಬಂದಾಗ ಗೊಲ್ಲಪ್ಪ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಕಾಟಲಿಂಗಪ್ಪನಿಗೆ ಅವನು ವರಸೆಯಲ್ಲಿ ದೊಡ್ಡಪ್ಪ. ಅವನು ಆಡಿದ ಮೇಲೆ ಹಟ್ಟಿಯಲ್ಲಿ ಎರಡನೇ ಮಾತಿರಲಿಲ್ಲ.

"ಏನಂದ್ನಲೇ ಮೇಸ್ತ್ರಿ?"

"ತ್ಯಾಪೆ ಹಾಕವನೆ ದೊಡ್ಡಪ್ಪ. ಏನೂ ಭಯ ಇಲ್ಲಂತೆ."

ಆ ಮಾತು ಬಾಯಿಂದ ಬಿದ್ದ ಗಳಿಗೆಯಿಂದ ಭಯ ಅವನ ಬೆನ್ನು ಹತ್ತಿತು.

ಮುಂದಿನ ಸೋಮವಾರ ಹೊಸದುರ್ಗದ ಕಡೆಯ ಒಕ್ಕಲಿಗೆ ದೇವರು ಹೊರಟಿತು. ಬೆಳಿಗ್ಗೆಯೇ ಐದು ಕೊಡ ನೀರು ಬಿತ್ತು. ಹಿಂದಿನ ಸೀಟಿನ ನಡುವೆ ಪೆಟ್ಟಿಗೆ, ಅದರ ಒಂದು ಪಕ್ಕ ಗೊಲ್ಲಪ್ಪ, ಇನ್ನೊಂದು ಪಕ್ಕ ದೇವರ ಪದ ಹಾಡುವ ಅವನ ತಂಗಿ ದೊಡ್ಡಕ್ಕ. ಮುಂದೆ, ಕಾಟಲಿಂಗಪ್ಪನ ಪಕ್ಕದಲ್ಲಿ, ದೀಪದ ಬುಟ್ಟಿ ಹಿಡಿದು ಅವನ ಮಗಳು ಚಿತ್ತಮ್ಮ. ಹತ್ತು ವರ್ಷದವಳು, ಒಬ್ಬಳೇ ಮಗಳು.

ಎಲ್ಲರೂ ಕೂತ ಮೇಲೆ ಅವಳ ಬಾಗಿಲು ಮುಚ್ಚಲು ಹೋದರೆ ಅದು ಚೌಕಟ್ಟಿಗೆ ತಾಕಿ ನಿಂತಿತು. ಕಾಟಲಿಂಗಪ್ಪನಿಗೆ ಮೇಸ್ತ್ರಿಯ ಮಾತು ನೆನಪಾಯಿತು. ಆಗಲೇ ಹೇಳಬಹುದಿತ್ತು. ಹಟ್ಟಿಯೆಲ್ಲ ಕೈಮುಗಿದು ಸುತ್ತ ನಿಂತಿತ್ತು. ಅವನು ಸೊಂಟ ಕೊಟ್ಟು ಒತ್ತಿ ಬಾಗಿಲು ಮುಚ್ಚಿದ.

ಹಿರಿಯೂರು ದಾಟುವವರೆಗೆ ದೊಡ್ಡಕ್ಕನ ಹಾಡು ನಡೆದಿತ್ತು. ದೇವರ ದನ ಕಾಡಿನಲ್ಲಿ ತಪ್ಪಿಹೋಗಿ, ದೇವರು ಒಂದೊಂದರ ಹೆಸರು ಹಿಡಿದು ಕೂಗುವ ಭಾಗ. ಬೇರೆ ದಿನವಾದರೆ ಅವನೂ ದನಿಗೂಡಿಸುತ್ತಿದ್ದ. ಈವತ್ತು ಅವನ ಕಿವಿಯೆಲ್ಲ ಪಾದದ ಕೆಳಗೆ. ಪ್ರತಿ ಗುಂಡಿಗೂ ಅಲ್ಲೊಂದು ಕಿರುಗುಟ್ಟುವ ಸದ್ದು. ಮಾರಿಕಣಿವೆಯ ಗುಡ್ಡದ ಇಳಿಜಾರಿಗೆ ಬಂದಾಗ ಕಟಕ್ಕನೆ ಏನೋ ಮುರಿಯಿತು. ಹಿಮ್ಮಡಿಯ ಕೆಳಗಿನ ನೆಲ ಜಗ್ಗಿತು. ಹಾಡು ನಿಂತಿತು.

ಅವನು ಬ್ರೇಕು ತುಳಿದ. ತಿರುವಿಗೆ ನಾಲ್ಕು ಮಾರು ಇರುವಾಗ ಕಾರು ನಿಂತಿತು. ಎಡಕ್ಕೆ ಕಣಿವೆ. ಗೇರಿಗೆ ಹಾಕಿದ್ದರೂ ಬ್ರೇಕಿನಿಂದ ಕಾಲು ತೆಗೆಯಲು ಅವನಿಗೆ ಧೈರ್ಯ ಬರಲಿಲ್ಲ.

"ಎಲ್ಲಾರೂ ಇಳೀರಿ" ಎಂದ.

ಗೊಲ್ಲಪ್ಪ ಬಾಗಿಲು ನೂಕಿದ. ಬರಲಿಲ್ಲ. ದೊಡ್ಡಕ್ಕ ನೂಕಿದಳು. ಬರಲಿಲ್ಲ. ನಾಲ್ಕೂ ಬಾಗಿಲು ಗೋಡೆಯಂತೆ ಕೂತಿದ್ದವು.

"ಅಪ್ಪಾ" ಎಂದಳು ಚಿತ್ತಮ್ಮ.

"ಕಿಟಕಿಯಿಂದ ಇಳಿಯವ್ವ. ಕಲ್ಲು ತಂದು ಚಕ್ರದ ಮುಂದಿಡು. ಪಕ್ಕದಾಗೆ ನಿಂತು ಇಡು, ಮುಂದೆ ಬರಬ್ಯಾಡ, ನನ್ನಾಣೆ."

ಅವಳು ಇಳಿದು, ಎತ್ತಲಾರದ ಕಲ್ಲುಗಳನ್ನು ಉರುಳಿಸಿಕೊಂಡು ಬಂದಳು. ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದಾಗ ಬಾನೆಟ್ಟಿನ ಆಚೆ ಅವಳ ತಲೆ ಮರೆಯಾಯಿತು. ಅದು ಮತ್ತೆ ಕಾಣುವವರೆಗೆ ಕಾಟಲಿಂಗಪ್ಪ ಉಸಿರಾಡಲಿಲ್ಲ. ಕಾಲು ಗಡಗಡ ನಡುಗುತ್ತಿತ್ತು. ಆ ನಡುಕಕ್ಕೇ ನೆಲ ಕಳಚೀತೆಂದು ಇನ್ನಷ್ಟು ಹೆದರಿದ.

"ಅತ್ತೆ, ಈಗ ನೀನು."

"ದೇವ್ರ ಜೊತೆ ಬಾಗ್ಲಾಗೆ ಹತ್ತಿ ಕಳ್ಳಿ ತರ ಕಿಟಕಿಯಾಗೆ ಇಳೀಬೇಕೇನೋ, ಮುಂಡೇದೆ?" ಎಂದು ಬೈಯುತ್ತಲೇ ದೊಡ್ಡಕ್ಕ ಸೀರೆ ಬಿಗಿದಳು. ಚಿತ್ತಮ್ಮ ಹೊರಗಿಂದ ಎಳೆದಳು, ಗೊಲ್ಲಪ್ಪ ಒಳಗಿಂದ ಎತ್ತಿಕೊಟ್ಟ. ಅವಳ ಭಾರ ಇಳಿದದ್ದೇ ಕಾರಿನ ನಡು ಚೂರು ಮೇಲೆದ್ದಿತು. ಗೊಲ್ಲಪ್ಪ ಭುಜ ಕೊಟ್ಟು ನೂಕಿದಾಗ ಅವನ ಬಾಗಿಲು ಕಿರ್ರನೆ ತೆರೆದುಕೊಂಡಿತು. ಅವನು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಇಳಿದ. ಕಾಟಲಿಂಗಪ್ಪ ಕೊನೆಗೆ ಇಳಿದ. ಇಳಿದವನು ರಸ್ತೆಯ ಮೇಲೇ ಕುಸಿದು ಕೂತ.

"ನಂಗೆ ಗೊತ್ತಿತ್ತು ದೊಡ್ಡಪ್ಪ" ಎಂದ. ಒಂದೂ ಬಿಡದೆ ಹೇಳಿದ. ಮೇಸ್ತ್ರಿ ಹೇಳಿದ್ದು, ಹೊಸ ಬಾಡಿಯ ವಿಚಾರ, ಗುಜರಿ, ಬೆಳಿಗ್ಗೆ ಮುಚ್ಚದ ಬಾಗಿಲು.

ಗೊಲ್ಲಪ್ಪ ಪೆಟ್ಟಿಗೆಯನ್ನು ತಂಗಿಯ ಮಡಿಲಿಗೆ ಕೊಟ್ಟು, ಮಂಡಿಯೂರಿ ಕಾರಿನ ಕೆಳಗೆ ಬಗ್ಗಿ ನೋಡಿದ. ಹಾಕಿದ ತ್ಯಾಪೆ ಸುತ್ತಲಿನ ತಗಡನ್ನೂ ಕಿತ್ತುಕೊಂಡು ಜೋತಾಡುತ್ತಿತ್ತು. ಅದರಿಂದ ಬೆಳಗಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಅಂಗೈ ಒಡ್ಡಿದ. ಅಂಗೈ ಕೆಂಪಾಯಿತು.

"ನಮ್ಮ ನೀರೇನೋ ಇದು?"

"ಹೂಂ."

ಗೊಲ್ಲಪ್ಪ ಅಂಗೈ ಒರೆಸಿಕೊಂಡು ಎದ್ದ. ಆಮೇಲೆ ಮೆಲ್ಲಗೆ ಕೇಳಿದ: "ದೇವ್ರ ಪೆಟ್ಟಿಗೇಗೆ ಗೆದ್ಲು ಹತ್ತಿದಾಗ ಹೊಸಾದು ಮಾಡ್ಸಿದೋನು ಯಾರಲೇ?"

"ನೀನೇ."

"ಹಳೇದನ್ನ ವೇದಾವತಿ ಹೊಳೆಗೆ ಬಿಟ್ಟು ಬರಲಿಲ್ವೇನು ನಾನು? ಮತ್ತೆ ನನ್ನನ್ನ ಒಂದು ಮಾತು ಕೇಳಿದ್ಯಾ? ನಾನು ಒಲ್ಲೆ ಅಂತೀನಿ ಅಂತ ನಿನಗೆ ಯಾರು ಹೇಳಿದ್ರು? ಈ ಕೂಸನ್ನ ಪಕ್ಕದಾಗೆ ಕೂರಿಸ್ಕಂಡು ಬಂದೆಯಲ್ಲೋ! ನನ್ನ ಮುಖಕ್ಕೆ ಅಷ್ಟು ಹೆದರಬೇಕೇನೋ?"

ಕಾಟಲಿಂಗಪ್ಪ ಕೂತಲ್ಲೇ ಕೈ ಮುಗಿದ.

"ಹೊಸ ಬಾಡಿ ತರಿಸು. ಹಳೇದರ ದಾರಿ ನಾನು ನೋಡ್ಕಂತೀನಿ" ಎಂದ ಗೊಲ್ಲಪ್ಪ. ಪೆಟ್ಟಿಗೆಯನ್ನು ಮತ್ತೆ ತಲೆಗೇರಿಸಿ ಹೊಸದುರ್ಗದ ದಾರಿಗೆ ನಾಲ್ಕು ಹೆಜ್ಜೆ ಇಟ್ಟು, ತಿರುಗದೆಯೇ ಹೇಳಿದ: "ಹೊಸಾದ್ರಾಗೆ ನೀರು ಹುಯ್ಯಂಗಿಲ್ಲ. ಯಾಕೆ ಅಂತ ಹಟ್ಟಿ ಮುಂದೆ ನಿಂತು ನೀನೇ ಹೇಳ್ಬೇಕು. ನಾನು ಪಕ್ಕದಾಗೆ ನಿಂತಿರ್ತೀನಿ, ಬಾಯಿ ಬಿಡಲ್ಲ."

ಎಷ್ಟು ಮನೆ ಹಟ್ಟಿಯಲ್ಲಿ, ಎಷ್ಟು ಕಣ್ಣು! ಕಾಟಲಿಂಗಪ್ಪ ಎದ್ದು ನಿಂತ. ಚಿತ್ತಮ್ಮ ಬಂದು ಅವನ ಕೈ ಹಿಡಿದಳು. ಕಲ್ಲು ಉರುಳಿಸಿದ ಅವಳ ಬೆರಳುಗಳು ತರಚಿ ರಕ್ತ ಜಿನುಗುತ್ತಿತ್ತು.

"ಹೇಳ್ತೀನಿ ದೊಡ್ಡಪ್ಪ" ಎಂದ.