ದೊಡ್ಡಮ್ಮನ ಎರಡು ವಯಸ್ಸು

ನಮ್ಮ ಹಾಸಿಗೆ ಕಾರ್ಖಾನೆಯಲ್ಲಿ ಬೆಳಿಗ್ಗೆ ಎದ್ದ ಧೂಳು ಸಂಜೆಯಾದರೂ ಇಳಿಯುವುದಿಲ್ಲ. ಹತ್ತಿ ಬಿಡಿಸುವ ನಾವು ಹನ್ನೊಂದು ಹೆಂಗಸರು ಅದನ್ನೇ ಉಸಿರಾಡುತ್ತೇವೆ. ಕೆಲಸದಲ್ಲಿ ಎಲ್ಲರಿಗಿಂತ ಹಳಬಳು, ನಾವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವಳು. ಇಪ್ಪತ್ತೆರಡು ವರ್ಷ ಹತ್ತಿ ಬಿಡಿಸಿ ಉಬ್ಬಸ ಹತ್ತಿಸಿಕೊಂಡಿದ್ದಳು. ಜೊತೆಗೆ ಸಕ್ಕರೆ ಕಾಯಿಲೆ. ವಯಸ್ಸು ಅರವತ್ತೊಂದು.

ರಿಜಿಸ್ಟರಿನಲ್ಲಿ ಮಾತ್ರ ಅವಳಿಗೆ ನಲವತ್ತೆಂಟು, ಕಾಯಿಲೆ ಇಲ್ಲ. ಹೊಸ ರಿಜಿಸ್ಟರ್ ತೆರೆದಾಗ ಮೇಸ್ತ್ರಿಯೇ ಹಾಗೆ ಬರೆಸಿದ್ದ. "ನಿಜ ಹೇಳಿದ್ರೆ ಮನೆಗೆ ಕಳಿಸ್ತಾರೆ ದೊಡ್ಡಮ್ಮ. ಕಾರ್ಖಾನೆ ಡಾಕ್ಟ್ರ ಮುಂದೆ ಕೆಮ್ಮು ಬಂದ್ರೆ ನುಂಗ್ಕೊಂಡ್ಬಿಡು." ನಾವೆಲ್ಲ ಹಾಗೇ ನುಂಗಿಕೊಂಡವರು. ಆ ರಿಜಿಸ್ಟರ್ ನೋಡಿದರೆ ಊರಿನ ಪೈಲ್ವಾನರೆಲ್ಲ ಇಲ್ಲೇ ಹತ್ತಿ ಬಿಡಿಸುತ್ತಿದ್ದಾರೆ ಅನ್ನಬೇಕು.

ವೈರಸ್ ಜ್ವರ ಬಂದಾಗ ಮೊದಲು ಹಿಡಿದದ್ದು ಮ್ಯಾನೇಜರನ್ನು. ಮೂವತ್ತರ ಗಟ್ಟಿ ಆಳು. ನಾಲ್ಕನೇ ದಿನಕ್ಕೇ ಬಂದು, "ಬರೀ ನೆಗಡಿ, ಹೆದರಬೇಡಿ" ಎಂದು ನಮಗೆ ಧೈರ್ಯ ಹೇಳಿದ. ಪುಣ್ಯಾತ್ಮ! ಅಷ್ಟರಲ್ಲಿ ಸರ್ಕಾರದ ಆದೇಶ ಬಂತು. ಐವತ್ತೈದು ದಾಟಿದವರಿಗೆ, ಉಬ್ಬಸ, ಸಕ್ಕರೆ ಕಾಯಿಲೆ ಇರುವವರಿಗೆ ಈ ಜ್ವರ ಜೀವಕ್ಕೇ ಕುತ್ತು. ಸಂಬಳ ಹಿಡಿಯದೆ ರಜೆ ಕೊಡಿ ಎಂದು.

ದೊಡ್ಡಮ್ಮ ಹೋಗಿ ಮ್ಯಾನೇಜರನ ಮುಂದೆ ನಿಂತಳು.

"ಸಾರ್, ನಂಗೆ ಅರವತ್ತೊಂದು. ಈಗ್ಲೇ ಉಸಿರು ಕಟ್ಟುತ್ತೆ."

ಅವನು ರಿಜಿಸ್ಟರ್ ತಿರುವಿದ. "ರಜೆ ಅಂದ ತಕ್ಷಣ ಮುದುಕಿ ಆಗ್ಬಿಟ್ಯಾ? ಇಲ್ಲಿ ನಲವತ್ತೆಂಟು ಅಂತಿದೆ. ಹೋಗು, ಕೆಲಸ ನೋಡು."

ಐದೇ ದಿನ. ಜ್ವರ ಅವಳಿಗೂ ಬಂತು, ನನಗೂ ಬಂತು. ನನ್ನದು ಮೂವತ್ತೆಂಟರ ಮೈ, ವಾರಕ್ಕೆ ಎದ್ದು ಕೂತೆ. ದೊಡ್ಡಮ್ಮ ಏಳಲೇ ಇಲ್ಲ.

ಪರಿಹಾರ ಕೇಳಲು ಅವಳ ಮಗಳ ಜೊತೆ ನಾನೂ ಹೋದೆ. ಮ್ಯಾನೇಜರ್ ಕಾರ್ಖಾನೆ ಡಾಕ್ಟರ ಕಾಗದ ಓದಿದ: "ವಯಸ್ಸು ಅರವತ್ತೊಂದು. ಮೊದಲಿನಿಂದಲೂ ಉಬ್ಬಸ, ಸಕ್ಕರೆ ಕಾಯಿಲೆ. ಕಾರ್ಖಾನೆ ಹೊಣೆಯಲ್ಲ."

"ಆ ಉಬ್ಬಸ ಎಲ್ಲಿಂದ ಬಂತು ಸಾರ್?" ಎಂದಳು ಮಗಳು.

ಅವನು ಅಂಗಿಯ ತೋಳಿಗೆ ಅಂಟಿದ್ದ ಹತ್ತಿ ಕೊಡವಿಕೊಂಡ. "ವಯಸ್ಸಾದೋರು ತಡ್ಕೊಳ್ಳಲ್ಲಮ್ಮ. ಏನ್ ಮಾಡೋಕಾಗುತ್ತೆ?"

ಬದುಕಿದ್ದಾಗ ಒಪ್ಪದ ಹದಿಮೂರು ವರ್ಷಗಳನ್ನು ಸತ್ತ ಮೇಲೆ ಎಷ್ಟು ಧಾರಾಳವಾಗಿ ಕೊಟ್ಟುಬಿಟ್ಟರು!

ಮರುದಿನ ಮೇಸ್ತ್ರಿ ಹಾಜರಿ ಕರೆದ. ಅವನು ಕರೆಯುವುದು ಹೆಸರನ್ನಲ್ಲ, ಟೋಕನ್ ನಂಬರನ್ನು; ಒಂದನೇ ನಂಬರು ದೊಡ್ಡಮ್ಮನದು. ಅದನ್ನು ಬಿಟ್ಟು, "ಎರಡು" ಎಂದ. ಅದು ನನ್ನ ನಂಬರು. ನಾನು ಹಾಜರ್ ಅನ್ನಲಿಲ್ಲ.

"ಮೂವತ್ತೆಂಟು. ಎರಡು ವರ್ಷದಿಂದ ಕೆಮ್ಮು."

"ಏನೇ ಅದು? ಮೂರು!"

"ಐವತ್ತೊಂಬತ್ತು. ಉಬ್ಬಸ."

"ನಾಲ್ಕು!"

"ಅರವತ್ತಮೂರು. ಸಕ್ಕರೆ ಕಾಯಿಲೆ, ಬಿಪಿ."

"ಬಾಯಿ ಮುಚ್ರೇ! ಎಲ್ಲರ ಕೆಲಸಾನೂ ಹೋಗುತ್ತೆ!"

"ಬರ್ಕೊಳಪ್ಪ ಮೇಸ್ತ್ರಿ," ಎಂದೆ. "ಸತ್ತ ಮೇಲೆ ಬರೆಯೋದನ್ನ ಈಗ್ಲೇ ಬರ್ಕೋ."