ಅಳಿಸಿದವನ ಹೆಸರು

ಭಾನುವಾರ ಬೆಳಿಗ್ಗೆ ಶಾಲೆಯ ಕೋಣೆಯೊಂದರಲ್ಲಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ ಕೆಂಡ ಫೋನಿನಲ್ಲಿ ಪುಟ ತೆರೆದ. ಅವನು ಬರೆದದ್ದು ಮತ್ತೆ ಮಾಯವಾಗಿತ್ತು. ಇದು ಎರಡನೇ ಸಲ.

ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದರಿಂದ ಲಾಂಡ್ರಿಯವರು ಅವನಿಗಿಟ್ಟ ಹೆಸರು ಕೆಂಡ. ಐದನೇ ತರಗತಿಗೇ ಶಾಲೆಗೆ ಕೈಮುಗಿದವನು. ಆಸ್ಪತ್ರೆಗಳ ಚಾದರ ಒಗೆಯುವ ಆ ಲಾಂಡ್ರಿಯ ಹನ್ನೊಂದು ಜನ ರಜೆಯ ದಿನ ಇಲ್ಲಿಗೆ ಓದುಬರಹ ಕಲಿಯಲು ಬರುತ್ತಿದ್ದರು. ಟೀಚರ್ ಪುಸ್ತಕ ಕೊಟ್ಟಿರಲಿಲ್ಲ. ವಿಕಿ ಅಂತ, ಎಲ್ಲರೂ ತಮ್ಮ ತಮ್ಮ ಫೋನಿನಿಂದ ತಮ್ಮ ಹೆಸರಲ್ಲಿ ಬರೆಯಬಹುದಾದ ಒಂದು ಪುಟ ಕೊಟ್ಟಿದ್ದರು.

"ನಿಮ್ಮ ಕೆಲಸದ ಬಗ್ಗೆ ನೀವೇ ಬರೀರಿ. ಒಬ್ರು ಬರೆದಿದ್ದನ್ನ ಇನ್ನೊಬ್ರು ಓದಿ, ತಪ್ಪಿದ್ರೆ ತಿದ್ದಿ. ಪುಟ ಎಲ್ಲರದ್ದು."

ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಎಂದು ಕೆಂಡನಿಗೆ ಅವತ್ತೇ ಅನ್ನಿಸಿತ್ತು.

ಅವನು ಬೆವರು ಸುರಿಸಿ ಬರೆದದ್ದು ಎರಡೇ ವಾಕ್ಯ: 'ಇಸ್ತ್ರಿ ರೋಲರಿಗೆ ಕೈ ಸಿಗದ ಹಾಗೆ ತಡೆಯುವ ಅಡ್ಡಸರಳನ್ನು ಕಿತ್ತು ಹಾಕಿದ್ದಾರೆ. ಅದಕ್ಕೇ ಚಿಕ್ಕಮ್ಮನ ಕೈ ಸುಟ್ಟಿತು.' ಆ ಜಾಗದಲ್ಲೀಗ ಒಂದು ಸಾಲು ಹಲ್ಲು ಕಿರಿಯುತ್ತಿತ್ತು: 'ಹುಷಾರಾಗಿ ಕೆಲಸ ಮಾಡಬೇಕು.'

"ಯಾರ್ರೀ ಇದು ಅಳಿಸಿದ್ದು?"

ಮೊದಲು ತಲೆ ಎತ್ತಿದವನು ವ್ಯಾನ್ ಡ್ರೈವರ್, ಸೂಪರ್‌ವೈಸರನ ಹೆಂಡತಿಯ ತಮ್ಮ. "ನನ್ನನ್ಯಾಕೆ ನೋಡ್ತೀಯಪ್ಪ?"

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯ? ಭಾವನಿಗೆ ಚಾಡಿ ಹೇಳೋಕೆ ತಾನೇ ನೀನಿಲ್ಲಿ ಬರೋದು?"

"ಚಾಡಿ ಹೇಳೋಕೆ ಓದು ಬೇರೆ ಬರಬೇಕೇನೋ? ಬಾಯಿ ಸಾಲದಾ?"

ಎಲ್ಲರೂ ನಕ್ಕರು. ಕೆಂಡನ ಪಕ್ಕದಲ್ಲಿದ್ದ ಚಿಕ್ಕಮ್ಮ ಮಾತ್ರ ನಗಲಿಲ್ಲ. ಸುಟ್ಟ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾಲ್ಕು ತಿಂಗಳಾದರೂ ತನ್ನ ತಲೆಗೆ ಅ ಆ ಇ ಈ ದಾಟಿ ಏನೂ ಹತ್ತಿಲ್ಲವೆಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು.

"ಜಗಳ ಯಾಕೆ? ಪುಟಕ್ಕೆ ಮರೆವಿಲ್ಲ," ಎಂದು ಟೀಚರ್ ಅವನ ಫೋನಿನಲ್ಲಿ 'ಇತಿಹಾಸ' ಒತ್ತಿ ತೋರಿಸಿದರು. ಗುರುವಾರ, ಮಧ್ಯಾಹ್ನ ಮೂರೂ ಹತ್ತು. ಬದಲಾಯಿಸಿದವರು: ಕೆಂಡ.

"ಬರೆದೋನೂ ಅವನೇ, ಅಳಿಸಿದೋನೂ ಅವನೇ!" ಡ್ರೈವರ್ ಚಪ್ಪಾಳೆ ತಟ್ಟಿದ. "ಕಳ್ಳನ್ನ ತಾನೇ ಹಿಡ್ಕೊಟ್ಟಿದಾನೆ, ಇನಾಮು ಕೊಡಿ ಟೀಚರ್."

ಕೆಂಡನ ಕಿವಿ ಕಾದವು. "ಇದು ನಿಮ್ಮ ಆಟಾನಾ, ಟೀಚರ್?"

"ನಿನ್ನ ಫೋನಿಂದ ಆಗಿದೆ. ನಂಗೆ ಗೊತ್ತಿರೋದು ಅಷ್ಟೇ."

ಅವರನ್ನೂ ಅವನು ನಂಬಲಿಲ್ಲ.

ಸೋಮವಾರ ರೋಲರಿನ ಬಾಯಿಗೆ ಒದ್ದೆ ಚಾದರ ಕೊಡುತ್ತಿದ್ದಾಗ ವಿಷಯ ತಾನಾಗಿ ಹೊಳೆಯಿತು. ಯಂತ್ರದ ಹತ್ತಿರ ಫೋನು ತರುವಂತಿಲ್ಲ. ಬೆಳಿಗ್ಗೆ ಎಲ್ಲರೂ ಗೇಟಿನ ಪೆಟ್ಟಿಗೆಯಲ್ಲಿಟ್ಟು ಬರಬೇಕು. ಕೈ ಸುಟ್ಟ ಮೇಲೆ ಆ ಪೆಟ್ಟಿಗೆಯ ಪಕ್ಕದ ಕುರ್ಚಿಯನ್ನು ಚಿಕ್ಕಮ್ಮನಿಗೆ ಕೊಟ್ಟಿದ್ದರು. ಮನೆಯಿಂದ ತುರ್ತು ಕರೆ ಬಂದರೆ ಅವಳೇ ಎತ್ತಿ ಮಾತಾಡಬೇಕಾದ್ದರಿಂದ ಯಾರೂ ಫೋನಿಗೆ ಲಾಕ್ ಹಾಕುತ್ತಿರಲಿಲ್ಲ. ಗುರುವಾರ ಮೂರೂ ಹತ್ತಕ್ಕೆ ಅವನ ಫೋನು ಇದ್ದದ್ದು ಅವಳ ಕಾವಲಿನಲ್ಲಿ.

ಕೈಯಲ್ಲಿದ್ದ ಚಾದರ ಸೊಟ್ಟಗೆ ಒಳಹೋಯಿತು.

ಊಟದ ಬಿಡುವಿನಲ್ಲಿ ನೇರ ಗೇಟಿಗೆ ಹೋದ. "ಚಿಕ್ಕಮ್ಮ, ಅ ಆ ದಾಟಿಲ್ಲ ಅಂದ್ಯಲ್ಲ?"

ಅವಳು ತಲೆ ಎತ್ತಲಿಲ್ಲ. "ದಾಟಿದೀನಿ."

"ಕಲಿತು ಮಾಡಿದ್ದೇನು? ಅಳಿಸಿದ್ದು!"

"ಮೆತ್ತಗೆ ಮಾತಾಡೋ. ಸುಟ್ಟಿದ್ದು ನನ್ನ ಕೈ. ಅದನ್ನ ಊರಿಗೆಲ್ಲ ಡಂಗುರ ಹೊಡೆಯೋಕೆ ನನ್ನ ಕೇಳಿದ್ಯಾ? ಈ ಕುರ್ಚಿ ಕೊಡೋ ದಿನ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ನಕಲು ಮನೇಲಿತ್ತು. ಹೋದ ತಿಂಗಳು ಕೂಡಿಸಿ ಕೂಡಿಸಿ ಓದಿದೆ. 'ತಪ್ಪು ನನ್ನದೇ' ಅಂತಿದೆ. ನಿನ್ನ ಸಾಲು ನಿಂತ್ರೆ ನನ್ನ ಹೆಬ್ಬೆಟ್ಟು ಸುಳ್ಳಾಗುತ್ತೆ. ಕುರ್ಚಿ ಹೋಗುತ್ತೆ. ಈ ಕೈಗೆ ಇನ್ಯಾರು ಕೆಲಸ ಕೊಡ್ತಾರೆ?"

"ನಿನ್ನ ಜಾಗದಲ್ಲಿ ಈಗ ಎರಡು ಮಕ್ಕಳ ತಾಯಿ ನಿಂತಿದಾಳೆ. ಅವಳಿಗೂ ಇಲ್ಲೊಂದು ಕುರ್ಚಿ ಹಾಕಿಸ್ತಾರಾ?"

ಚಿಕ್ಕಮ್ಮ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

ಮಂಗಳವಾರ ಬೆಳಿಗ್ಗೆ ಗೇಟಿನಲ್ಲಿ ನಿಂತೇ ಕೆಂಡ ಮೊದಲ ವಾಕ್ಯವನ್ನಷ್ಟೇ ಮತ್ತೆ ಬರೆದ. ಚಿಕ್ಕಮ್ಮನ ಕೈಯ ಮಾತು ಬಿಟ್ಟ. ಫೋನನ್ನು ಅವಳ ಮುಂದೆ ಹಿಡಿದ.

"ಲಾಕ್ ಹಾಕಿದ್ಯಾ?"

"ಇಲ್ಲ."

"ನನ್ನ ನಂಬ್ತೀಯಾ?"

"ಇಲ್ಲ."

ಅವಳು ಅದನ್ನು ಪೆಟ್ಟಿಗೆಗೆ ಹಾಕಿದಳು.

ಇಡೀ ದಿನ ಅವನ ಒಂದು ಕಣ್ಣು ರೋಲರಿನ ಮೇಲೆ, ಇನ್ನೊಂದು ಎದುರು ನಿಂತ ಆ ಹೊಸಬಳ ಬೆರಳುಗಳ ಮೇಲೆ. ಕೆಲಸ ಮುಗಿಸಿ ಫೋನು ಈಸಿಕೊಂಡು ಪುಟ ತೆರೆದ. ಅವನ ಸಾಲು ಹಾಗೇ ಇತ್ತು. ಕೆಳಗೆ ಇನ್ನೆರಡು ಸಾಲು ಬಂದಿದ್ದವು: 'ಸರಳು ಗೋದಾಮಿನಲ್ಲಿ ಸೋಪಿನ ಡಬ್ಬಗಳ ಹಿಂದೆ ಇದೆ. ಕಿತ್ತವನು ಸೂಪರ್‌ವೈಸರ್.'

ಬರೆದವರು: ಕೆಂಡ.

"ಇದನ್ನ ನನ್ನ ಹೆಸರಲ್ಲಿ ಬರೆದಿದೀಯ," ಎಂದ, ಹಲ್ಲು ಕಚ್ಚಿ.

"ನಂಗೆಲ್ಲಪ್ಪ ಬರೆಯೋಕೆ ಬರುತ್ತೆ?" ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ಅಂದಳು ಚಿಕ್ಕಮ್ಮ. "ಮುಂದೆ ಹೋಗು, ಹಿಂದೆ ಜನ ಕಾಯ್ತಿದಾರೆ."

ಇವಳು ಕೈ ಹಿಡಿದಳೋ, ಕುತ್ತಿಗೆಗೆ ಹಗ್ಗ ಹಾಕಿದಳೋ? ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಅಂಗಳದ ಆಚೆ ವ್ಯಾನ್ ಡ್ರೈವರ್ ತನ್ನ ಫೋನಿನ ಮೇಲೆ ಬಗ್ಗಿ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಓದಿ ಮುಗಿಸಿ ಸೂಪರ್‌ವೈಸರನ ಕೋಣೆಯ ಕಡೆ ತಿರುಗಿದ.

ಬೇಕೆಂದರೆ ಆ ಸಾಲು ಅಳಿಸಲು ಅವನಿಗೆ ಇನ್ನೂ ಹೊತ್ತಿತ್ತು. ಕೆಂಡ ಫೋನನ್ನು ಜೇಬಿಗೆ ತುರುಕಿ ಗೋದಾಮಿನ ಕಡೆ ಓಡಿದ. ಸರಳು ನಿಜವಾಗಿ ಅಲ್ಲಿದೆಯೋ ಇಲ್ಲವೋ, ಅದನ್ನು ಅವನು ಮೊದಲು ನೋಡಬೇಕಿತ್ತು.