ತುದಿಗಾಲಲ್ಲಿ ನಿಂತಾಗ

ಏಣಿಯ ಮೇಲೆ ತುದಿಗಾಲಲ್ಲಿ ನಿಂತು ಗೋಡೆಯ ಮೇಲಂಚಿಗೆ ಬಣ್ಣ ಹಚ್ಚುತ್ತಿದ್ದವಳ ಎಡ ಮೀನಖಂಡ ಮತ್ತೆ ಕಲ್ಲಾಯಿತು. ಅಂಗಾಲು ಮರಗಟ್ಟಿತು. ಹುಡುಗಿ ಇಳಿದು ಕುಳಿತಳು.

“ಏನಮ್ಮಾ ಮಹಾರಾಣಿ, ಸಿಂಹಾಸನ ತರಿಸ್ಲಾ?” ಎಂದ ಮೇಸ್ತ್ರಿ. “ಮುಂದಿನ ಕಟ್ಟಡಕ್ಕೆ ಏಣಿ ಹತ್ತೋರು ಬೇಕು ನಂಗೆ, ಕೂರೋರಲ್ಲ.”

ಕೂತರೆ ನೋವು ಮಾಯ, ನಿಂತರೆ ಹಾಜರು. ಆದರೆ ಡಾಕ್ಟರ ಕೈಗೆ ಮಾತ್ರ ಅದು ಎಂದೂ ಸಿಕ್ಕಿರಲಿಲ್ಲ. ಆಟೋ ಓಡಿಸುವ ಅಪ್ಪ ಆಸ್ಪತ್ರೆಯ ದಿನ ಮಗಳ ಕಾಲು ನೆಲಕ್ಕೆ ತಾಗಲೂ ಬಿಡುತ್ತಿರಲಿಲ್ಲ. ಬಾಗಿಲಿಗೇ ಆಟೋ, ಒಳಗೆ ಗಾಲಿಕುರ್ಚಿ, ಆಮೇಲೆ ಸರದಿಗಾಗಿ ಕಾದು ಕೂರುವುದು. ಡಾಕ್ಟರು ಮಲಗಿಸಿ ಪಾದ ಮುಟ್ಟುವ ಹೊತ್ತಿಗೆ ನಾಡಿ ತಾಳ ತಪ್ಪದೆ ಮಿಡಿಯುತ್ತಿರುತ್ತಿತ್ತು.

“ಬರೀ ಸ್ನಾಯು ಸೆಳೆತ. ಚೆನ್ನಾಗಿ ನೀರು ಕುಡಿ.”

“ಕುಡಿದೂ ಕುಡಿದೂ ಕೆರೆ ಆಗಿದೀನಿ,” ಎಂದು ಹೊರಬಂದು ಗೊಣಗುತ್ತಿದ್ದಳು.

ಈ ಸಲ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು.

“ಇರು ಮಗಾ, ಕುರ್ಚಿ ಎತ್ತೋಕೆ ಯಾರನ್ನಾದ್ರೂ ಕರೀತೀನಿ.”

“ಸಾಕು ಬಿಡಪ್ಪಾ!” ಸಿಟ್ಟಿನಲ್ಲೇ ಅವಳು ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿದಳು. ಕುಂಟುತ್ತ ನೇರ ಒಳಗೆ ನುಗ್ಗಿದವಳ ಪಾದವನ್ನು ಹೊಸ ಸರ್ಜನ್ ಮುಟ್ಟಿ ನೋಡಿದರು. ಬಿಳಿಚಿಕೊಂಡಿತ್ತು, ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು.

“ಈಗ ಪಾದದಿಂದ ನನ್ನ ಅಂಗೈ ಒತ್ತು. ಏಣಿ ಮೇಲೆ ಒತ್ತೋ ಹಾಗೆ.”

ಒತ್ತಿದಳು. ಅವರ ಬೆರಳಿನಡಿ ನಾಡಿ ನಿಂತೇ ಹೋಯಿತು.

ಸ್ಕ್ಯಾನ್ ಆದ ಮೇಲೆ ಅವರು ಬಿಡಿಸಿ ಹೇಳಿದರು. “ಮಂಡಿ ಹಿಂದೆ ಸ್ನಾಯುವಿನ ಒಂದು ಪಟ್ಟಿ ಹುಟ್ಟಿನಿಂದಲೇ ಅಡ್ಡದಾರಿ ಹಿಡಿದಿದೆ. ಕಾಲು ಬಿಗಿದಾಗೆಲ್ಲ ರಕ್ತನಾಳಾನ ಅದುಮುತ್ತೆ. ಮೊದಲೇ ಬಂದಿದ್ರೆ ಪಟ್ಟಿ ಕತ್ತರಿಸಿದ್ರೆ ಸಾಕಿತ್ತು. ಈಗ ನಾಳಾನೇ ಹಾಳಾಗಿದೆ. ತೊಡೆಯಿಂದ ಬೇರೆ ನಾಳ ತೆಗೆದು ಜೋಡಿಸಬೇಕು.”

“ಮೊದಲೇ ಬಂದಿದ್ದೆ ಸಾರ್,” ಎಂದಳು ಅವಳು. “ಕೂತ್ಕೊಂಡು ಬಂದಿದ್ದೆ.”

ಅಪ್ಪ ಕಿಟಕಿಯ ಕಡೆ ನೋಡಿದರು.

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಪಾದ ಬೆಚ್ಚಗೆ ಉಳಿಯಿತು, ಏಣಿ ಉಳಿಯಲಿಲ್ಲ. ಮೇಸ್ತ್ರಿ ಬೇರೊಬ್ಬಳನ್ನು ಹತ್ತಿಸಿದ್ದ. ಮನೆಗೆ ಹೊರಡುವ ದಿನ ಸರ್ಜನ್, “ದಿನಾ ನಡೀಬೇಕು. ಬಲಗಾಲಲ್ಲೂ ಇದೇ ಇರಬಹುದು, ಮುಂದಿನ ತಿಂಗಳು ನೋಡೋಣ,” ಎಂದರು.

ಹೊರಗೆ ಅಪ್ಪ ಗಾಲಿಕುರ್ಚಿ ಹಿಡಿದು ನಿಂತಿದ್ದರು.

“ನಡೀಬೇಕಂತೆ ಅಪ್ಪಾ.”

“ಸುಸ್ತಾದ್ರೆ?”

“ಆಗ್ಲಿ! ಮುಂದಿನ ಸಲ ಆಟೋನ ಬೀದಿ ತಿರುವಲ್ಲೇ ನಿಲ್ಸು. ನೋವನ್ನೂ ಜೊತೇಲೇ ಕರ್ಕೊಂಡು ಬರ್ತೀನಿ, ಡಾಕ್ಟರು ಕಣ್ಣಾರೆ ನೋಡ್ಲಿ.”

ಅವಳು ಗೋಡೆ ಹಿಡಿದು ಹೆಜ್ಜೆಯಿಟ್ಟಳು. ಅಪ್ಪ ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಹಿಂದೆಯೇ ಬಂದರು.